ಸಿ ಕಡೆಯಿಂದ ಜಾವಾ ಫೀಲ್ಡ್ ಓದೂದು
ಬೆಳಗಾವಿ, ಬಾಗಲಕೋಟಿ ಕಡೆ ಜೆಎನ್‌ಐ (ಜಾವಾ ಮತ್ತ ಸಿ ಕೋಡ್ ಜೋಡಿಸೂ ವ್ಯವಸ್ಥಾ) ಹಚ್ಚಿ ಪ್ರಾಜೆಕ್ಟ್ ಮಾಡಾಕತ್ತವ್ರು ಇದನ್ನ ನೋಡ್ರಿ. ಮೂರು ಫಂಕ್ಷನ್ ಕರೀಬೇಕು: ಮೊದಲ ಕ್ಲಾಸ್ ಪಡಿಯಾಕ ಗೆಟ್‌ಆಬ್ಜೆಕ್ಟ್‌ಕ್ಲಾಸ್, ಆಮೇಲೆ ಫೀಲ್ಡಿನ ಐಡಿ ಹುಡುಕಾಕ ಗೆಟ್‌ಫೀಲ್ಡ್‌ಐಡಿ, ಕಡೀಕ ಇಂಟ್ ಬೆಲೆ ಓದಾಕ ಗೆಟ್‌ಇಂಟ್‌ಫೀಲ್ಡ್. ಎಲ್ಲಾರೂ ಎಡವೂದು ನಡುವಿನದರಾಗ. ಅಲ್ಲಿ ಕೊಡೂ ಟೈಪ್ ಸಿಗ್ನೇಚರ್ (ಫೀಲ್ಡ್ ಯಾವ ಟೈಪಿಂದು ಅಂತ ಹೇಳೂ ಗುರುತು) ಇಂಟ್‌ಗೆ ‘ಐ’, ಬೂಲಿಯನ್‌ಗೆ ‘ಝಡ್’, ಲಾಂಗ್‌ಗೆ ‘ಎಲ್’ ಅಲ್ರಿ, ‘ಜೆ’. ಸ್ಟ್ರಿಂಗ್ ಇದ್ರ ಮುಂದ ‘ಎಲ್’ ಹಚ್ಚಿ, ಪ್ಯಾಕೇಜ್ ಹೆಸರಿನ ಚುಕ್ಕಿ ಜಾಗಾದಾಗ ಸ್ಲ್ಯಾಶ್ ಹಾಕಿ, ಕಡೀಕ ಸೆಮಿಕೋಲನ್ ಇಡಬೇಕು. ಅದು ತಪ್ಪಿದ್ರ ನೋಸಚ್‌ಫೀಲ್ಡ್‌ಎರರ್. ಐಡಿ ನಲ್ ಬರ್ತೈತಿ, ಪರೀಕ್ಷೆ ಮಾಡದ ಮುಂದ ಹೋದ್ರ ಜಾವಾ ಪ್ರೋಗ್ರಾಂ ಓಡಿಸೂ ಜೆವಿಎಂನ ಬಿದ್ದು ಹೋಗಬಹುದು. ಕಂಪೈಲರ್ ಕಾಯೂದು ಜಾವಾ-ಸಿ ಗಡಿತನಕ ಅಷ್ಟ, ಅದರಾಚೆ ಎಲ್ಲಾ ಹೊಣಿ ಬರದವ್ರದ ಅನಸ್ತೈತಿ. ಪ್ರೈವೇಟ್ ಫೀಲ್ಡನ್ನೂ ಜೆಎನ್‌ಐ ತಡಿಯಂಗಿಲ್ಲ! ಐಡಿ ಒಮ್ಮೆ ಹುಡುಕಿ ಇಟ್ಕೊಳ್ರಿ, ಅದರ ಜೋಡಿ ಕ್ಲಾಸ್ ಅನ್‌ಲೋಡ್ ಆಗದಂಗ ಅದಕ್ಕ ಗ್ಲೋಬಲ್ ರೆಫರೆನ್ಸ್ ಹಿಡೀರಿ. ಕ್ಲಾಸ್ ಅನ್‌ಲೋಡ್ ಆದ್ರ ಆ ಐಡಿ ನಡಿಯಂಗಿಲ್ಲ.