ಅಧ್ಯಕ್ಷರಿಗೆ ಬೇರೆಯೇ ಗುರುತು

ಅಮೆರಿಕದ ನಾರ್ತ್ ಕೆರೋಲಿನಾ ರಾಜ್ಯದಲ್ಲಿ ಆಗ ಒಂದು ವಿಚಿತ್ರ ಪದ್ಧತಿ ಇತ್ತು. ಪಕ್ಷದ ಹೆಸರಿಗೆ ಒಮ್ಮೆ ಗುರುತು ಹಾಕಿದರೆ ಗವರ್ನರ್‌ನಿಂದ ಹಿಡಿದು ಕೌಂಟಿ ಕಮಿಷನರ್‌ವರೆಗೆ ಎಲ್ಲ ವೋಟೂ ಆ ಪಕ್ಷಕ್ಕೇ ಬೀಳುತ್ತಿತ್ತು, ಅಧ್ಯಕ್ಷರದ್ದೊಂದು ಬಿಟ್ಟು. ಅದನ್ನು ಪ್ರತ್ಯೇಕವಾಗಿ ಹಾಕಬೇಕು. ಗೊತ್ತಿಲ್ಲದವರು ಆ ಸಾಲನ್ನೇ ಖಾಲಿ ಬಿಟ್ಟು ಬರುತ್ತಿದ್ದರು.

2008ರಲ್ಲಿ, ಪೌರತ್ವ ಸಿಕ್ಕ ಮೇಲಿನ ನನ್ನ ಮೊದಲ ಅಧ್ಯಕ್ಷೀಯ ಚುನಾವಣೆಯಲ್ಲಿ, ನನ್ನ ತಲೆನೋವೂ ಆ ಸಾಲಿನದ್ದೇ. ಷಾರ್ಲೆಟ್‌ನ ನಮ್ಮ ಕನ್ನಡ ಬಳಗದಲ್ಲಿ ಹೆಚ್ಚಿನವರು ಡೆಮಾಕ್ರಟಿಕ್ ಪಕ್ಷದ ಒಬಾಮ ಕಡೆ. ನನಗೆ ರಿಪಬ್ಲಿಕನ್ ಪಕ್ಷದ ಮೆಕೇನ್ ಇಷ್ಟ. ತನ್ನ ಪಕ್ಷದವರ ಬೈಗುಳ ತಿಂದುಕೊಂಡೇ 2007ರ ವಲಸೆ ಮಸೂದೆಯ ಪರ ನಿಂತ ಮನುಷ್ಯ. ಹೊರದೇಶಕ್ಕೆ ಕೆಲಸ ಕಳಿಸುವ ಕಂಪನಿಗಳ ಬಗ್ಗೆ ಒಬಾಮ ಮಾತಾಡಿದಾಗೆಲ್ಲ, ಐಟಿಯವನಾದ ನನಗೆ ಒಳಗೊಳಗೇ ಕಸಿವಿಸಿ.

ಅಕ್ಟೋಬರಿನಲ್ಲಿ ಮಿನೆಸೋಟದ ಸಭೆಯೊಂದರಲ್ಲಿ ಒಬ್ಬಾಕೆ ಒಬಾಮ ಅರಬ್ ಎಂದಾಗ ಮೆಕೇನ್ ಮೈಕ್ ಇಸಿದುಕೊಂಡು, ಅಲ್ಲಮ್ಮ, ಅವರು ಸಭ್ಯ ಸಂಸಾರಸ್ಥರು ಅಂದರು. ಟಿವಿ ಮುಂದೆ ಕೂತಿದ್ದ ನಾನು ಭೇಷ್ ಅಂದೆ. ಪಕ್ಕದಲ್ಲಿದ್ದ ಮಗಳು, "ಅಲ್ಲಪ್ಪ, ಅರಬ್ ಆದ್ರೆ ಸಭ್ಯ ಆಗಿರಲ್ವಾ?" ಅಂದಳು. ಉತ್ತರ ಹೊಳೆಯಲಿಲ್ಲ. ಕೆಲವೇ ದಿನಗಳಲ್ಲಿ ಕಾಲಿನ್ ಪವೆಲ್, ಬುಷ್ ಸರ್ಕಾರದಲ್ಲೇ ಮಂತ್ರಿಯಾಗಿದ್ದವರು, ಒಬಾಮಗೆ ಬೆಂಬಲ ಘೋಷಿಸುತ್ತ ಹೆಚ್ಚುಕಡಿಮೆ ಇದನ್ನೇ ಕೇಳಿದರು: ಮುಸ್ಲಿಮ್ ಆಗಿದ್ದರೂ ತಪ್ಪೇನು?

ಇಷ್ಟಾದರೂ ನನ್ನ ವೋಟು ತಿರುಗಿದ್ದು ಆದರ್ಶದಿಂದಲ್ಲ, ಅಡಿಗೆಮನೆಯ ಫ್ರಿಜ್ಜಿನಿಂದ. ಅದರ ಬಾಗಿಲಲ್ಲಿ ಹೆಂಡತಿಯ ಇನ್ಸುಲಿನ್ ಇರುತ್ತಿತ್ತು. ಷಾರ್ಲೆಟ್ ಬ್ಯಾಂಕುಗಳ ಊರು. ಆ ಶರತ್ಕಾಲದಲ್ಲಿ ವಾಕೋವಿಯಾ ಮುಳುಗಿ ವೆಲ್ಸ್ ಫಾರ್ಗೋ ತೆಕ್ಕೆಗೆ ಬಿದ್ದಿತ್ತು, ಯಾರ ಕೆಲಸಕ್ಕೂ ಭರವಸೆ ಇರಲಿಲ್ಲ. ಕಂಪನಿ ಕಟ್ಟುವ ಆರೋಗ್ಯ ವಿಮೆಯನ್ನೂ ಆದಾಯವೆಂದು ಲೆಕ್ಕ ಹಿಡಿದು ತೆರಿಗೆ ಹಾಕಿ, ಬದಲಿಗೆ ಕುಟುಂಬಕ್ಕೆ 5,000 ಡಾಲರ್ ತೆರಿಗೆ ರಿಯಾಯಿತಿ ಕೊಡುವುದು ಮೆಕೇನ್ ಯೋಜನೆ. ಕಂಪನಿ ಮೂಲಕ ಕೊಂಡ ಕುಟುಂಬದ ವಿಮೆಯೇ ವರ್ಷಕ್ಕೆ ಸರಾಸರಿ 12,000 ಡಾಲರ್ ದಾಟಿದ್ದ ಕಾಲವದು. ಕೆಲಸ ಹೋದರೆ, ಸಕ್ಕರೆ ಕಾಯಿಲೆಯವಳಿಗೆ ಸ್ವಂತವಾಗಿ ವಿಮೆ ಕೊಡುವವರು ಯಾರು? ಪೆನ್ಸಿಲ್ ಹಿಡಿದು ಹೇಗೆ ಕೂಡಿ ಕಳೆದರೂ ಲೆಕ್ಕ ತಾಳೆಯಾಗಲಿಲ್ಲ.

ಗವರ್ನರ್ ವಿಷಯಕ್ಕೆ ಇಷ್ಟು ಒದ್ದಾಟ ಇರಲಿಲ್ಲ. ನಮ್ಮ ಮೇಯರ್ ಪ್ಯಾಟ್ ಮೆಕ್ರೋರಿ ರಿಪಬ್ಲಿಕನ್ನರ ಅಭ್ಯರ್ಥಿ. ಲೈಟ್ ರೈಲಿಗೆಂದು ಎತ್ತುತ್ತಿದ್ದ, ಡಾಲರಿಗೆ ಅರ್ಧ ಸೆಂಟಿನ ಮಾರಾಟ ತೆರಿಗೆ ರದ್ದಾಗಲಿ ಎಂದು ಅವರ ಪಕ್ಷದವರೇ ಹಲವರು ಕೂಗಾಡುತ್ತಿದ್ದಾಗ ತೆರಿಗೆಯ ಪರ ನಿಂತಿದ್ದರು. ನಾನು ದಿನಾ ಆ ರೈಲಿನಲ್ಲೇ ಹೋಗುವವನು.

"ಇದೇನೋ ಅರ್ಧಂಬರ್ಧ ವೋಟು?" ಎಂದ ಗೆಳೆಯನಿಗೆ ನಮ್ಮಪ್ಪನ ಕಥೆ ಹೇಳಿದೆ. 1984ರ ಡಿಸೆಂಬರಿನಲ್ಲಿ ಲೋಕಸಭೆಗೆ ಕಾಂಗ್ರೆಸ್, ಮರುವರ್ಷ ಮಾರ್ಚಿನಲ್ಲಿ ವಿಧಾನಸಭೆಗೆ ಜನತಾ ಪಕ್ಷ. "ದಿಲ್ಲಿಗೆ ಆ ಹುಡುಗ ರಾಜೀವ್ ಇರಲಿ, ಇಲ್ಲಿಗೆ ಹೆಗಡೆ ಇರಲಿ" ಅಂದಿದ್ದರು. ಕರ್ನಾಟಕವೂ ಹಾಗೇ ಮಾಡಿತ್ತು: ಲೋಕಸಭೆಯ 28ರಲ್ಲಿ 24 ಕಾಂಗ್ರೆಸ್ಸಿಗೆ, ವಿಧಾನಸಭೆಯ 224ರಲ್ಲಿ 139 ಜನತಾಕ್ಕೆ.

ಲೈಬ್ರರಿಯೊಂದರಲ್ಲಿ ಮುಂಚಿತ ಮತದಾನ. ಪಕ್ಷದ ಸಾಲನ್ನು ಮುಟ್ಟದೆ ಒಂದೊಂದೇ ಹೆಸರು ಒತ್ತುತ್ತ ಹೋದೆ. ನ್ಯಾಯಾಧೀಶರ ಪಟ್ಟಿಗೆ ಬಂದಾಗ ಮಾತ್ರ ಕಣ್ಣುಕಣ್ಣು ಬಿಟ್ಟೆ, ಒಬ್ಬರ ಹೆಸರೂ ಕೇಳಿದ್ದಲ್ಲ!

ಒಬಾಮ ನಮ್ಮ ರಾಜ್ಯವನ್ನು ಗೆದ್ದದ್ದು ಸುಮಾರು 14,000 ವೋಟಿನಲ್ಲಿ. ಮೆಕ್ರೋರಿ ಸೋತರು. 2012ರಲ್ಲಿ ಮತ್ತೆ ನಿಂತು ಗೆದ್ದರು, ಆಗಲೂ ನನ್ನ ವೋಟು ಅವರಿಗೇ. 2013ರಲ್ಲಿ ಅವರು ಸಹಿ ಹಾಕಿದ ಕಾನೂನು ಒಂದೇ ಗುರುತಿನ ಪದ್ಧತಿಯನ್ನು ತೆಗೆದುಹಾಕಿತು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅದೇ ಕಾನೂನು ಮುಂಚಿತ ಮತದಾನದ 17 ದಿನಗಳನ್ನು 10ಕ್ಕೆ ಇಳಿಸಿತು. ಕೆಲಸ ಬಿಟ್ಟು ಚುನಾವಣೆಯ ಮಂಗಳವಾರವೇ ಬರಲಾಗದವರಿಗೆ ಇದ್ದದ್ದೇ ಆ ದಿನಗಳು. 2016ರಲ್ಲಿ ಅವರಿಗೆ ನಾನು ಹಾಕಲಿಲ್ಲ.