ಒತ್ತಬೇಡ, ಭಾರ ಹಾಕು

ಕಾಲೇಜಿನ ಸಂಗೀತದ ಕೋಣೆ ಅಂದರೆ ನನಗೆ ಮೊದಲು ನೆನಪಾಗುವುದು ಎಡಗೈ ಬೆರಳ ತುದಿಯ ಉರಿ. ಅಲ್ಲಿ ನಾನು ಕಲಿಯುತ್ತಿದ್ದ ಮ್ಯಾಂಡೊಲಿನ್‌ಗೆ ಎಂಟು ತಂತಿ. ಎರಡೆರಡರ ನಾಲ್ಕು ಜೋಡಿ. ಪಿಟೀಲಿನ ಹಾಗೇ ಜಿ, ಡಿ, ಎ, ಇ ಶ್ರುತಿ. ಒಂದೇ ಬೆರಳು ಎರಡು ಉಕ್ಕಿನ ತಂತಿಯನ್ನು ಒಟ್ಟಿಗೆ ಹಿಡಿಯಬೇಕು. ಬಲ ಸಾಲದು ಅಂದುಕೊಂಡು ನಾನು ಇನ್ನೂ ಜೋರಾಗಿ ಒತ್ತುತ್ತಿದ್ದೆ. ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಮಾತ್ರ ಕರಕರ ಅನ್ನುತ್ತಲೇ ಇತ್ತು.

ಒಂದು ಸಂಜೆ ಮೇಷ್ಟ್ರು ಪಕ್ಕದಲ್ಲಿ ಬಂದು ಕೂತರು. "ಒತ್ತಬೇಡ. ಬೆರಳನ್ನು ಸುಮ್ನೆ ತಂತಿ ಮೇಲಿಡು. ಮೀಟುತ್ತಾ ಮೀಟುತ್ತಾ ಸ್ವಲ್ಪ ಸ್ವಲ್ಪ ಭಾರ ಹಾಕು" ಅಂದರು. ಮೊದಲು ಟಕ್ ಟಕ್ ಅನ್ನುವ ಸತ್ತ ಸದ್ದು. ಆಮೇಲೆ ಜುಂಯ್ ಅನ್ನುವ ಕಂಪನ. ಆಮೇಲೆ ಇದ್ದಕ್ಕಿದ್ದ ಹಾಗೆ ತಿಳಿಯಾದ ಸ್ವರ. "ಅಲ್ಲೇ ನಿಲ್ಲಿಸು. ಇಷ್ಟೇ ಬೇಕಾಗಿದ್ದು." ನಾನು ಅಷ್ಟು ದಿನ ಹಾಕುತ್ತಿದ್ದ ಬಲದ ಅರ್ಧವೂ ಇರಲಿಲ್ಲ. ನನ್ನ ಬೆರಳನ್ನು ಅವರು ಫ್ರೆಟ್‌ನ (ತಂತಿಗಳ ಕೆಳಗಿನ ಲೋಹದ ಅಡ್ಡಪಟ್ಟಿಯ) ಹಿಂಬದಿಗೆ ತಾಗುವಷ್ಟು ಹತ್ತಿರ ಸರಿಸಿದರು. ಆಗ ಇನ್ನೂ ಕಡಿಮೆ ಸಾಕಾಯಿತು!

ಕಾರ್ಡ್ ಬದಲಿಸುವುದೂ ಹಾಗೇ ಕಲಿಸಿದರು. ಜಿ ಕಾರ್ಡ್‌ಗೆ ತೋರುಬೆರಳು ಎ ತಂತಿಯ 2ನೇ ಫ್ರೆಟ್, ನಡುಬೆರಳು ಇ ತಂತಿಯ 3ನೇ ಫ್ರೆಟ್. ಅದೇ ಆಕಾರವನ್ನು ಒಂದು ಜೋಡಿ ಪಕ್ಕಕ್ಕೆ ಜರುಗಿಸಿದರೆ ಸಿ. ಬೆರಳುಗಳನ್ನು ಒಂದೊಂದಾಗಿ ಹುಡುಕಿ ಇಡುವಂತಿಲ್ಲ. ಎರಡೂ ಒಟ್ಟಿಗೆ ಏಳಬೇಕು, ಒಟ್ಟಿಗೆ ಇಳಿಯಬೇಕು, ತಂತಿಯಿಂದ ಜಾಸ್ತಿ ಮೇಲೆ ಹೋಗಬಾರದು. ಮೀಟದೆ, ಬರೀ ಎಡಗೈಯಲ್ಲಿ ಇದನ್ನು ವಾರಗಟ್ಟಲೆ ಮಾಡಿದೆ.

ಅಮೆರಿಕದ ಜನಪದ ಶೈಲಿಯ ಬ್ಲೂಗ್ರಾಸ್ ಸಂಗೀತದ 'ಚಾಪ್', ಅಂದರೆ ಕತ್ತರಿಸಿದಂಥ ತಾಳದ ಮೀಟು, ಬಂದದ್ದು ಕೊನೆಯ ವರ್ಷ. ಆ ಸಂಗೀತದ ಜನಕ ಬಿಲ್ ಮನ್ರೋ ಅವರ ಮ್ಯಾಂಡೊಲಿನ್‌ನಲ್ಲಿ ಕೇಳುತ್ತೇವಲ್ಲ, ಅದು. ಜಿ ಕಾರ್ಡ್‌ಗೆ ಆ ಎರಡು ಬೆರಳು ಇದ್ದಲ್ಲೇ ಇರುತ್ತವೆ. ಉಂಗುರ ಬೆರಳು ಡಿ ತಂತಿಯ 5ಕ್ಕೆ, ಕಿರುಬೆರಳು ಜಿ ತಂತಿಯ 7ಕ್ಕೆ ಚಾಚಬೇಕು. ನನ್ನ ಕಿರುಬೆರಳು ಅಲ್ಲಿಗೆ ಮುಟ್ಟಲು ಎರಡು ತಿಂಗಳು ಹಿಡಿಯಿತು. ಎರಡನೇ, ನಾಲ್ಕನೇ ಎಣಿಕೆಗೆ ಮೀಟಿದ ಕೂಡಲೇ ಹಿಡಿತ ಸಡಿಲ ಬಿಡಬೇಕು. ಬೆರಳು ತಂತಿ ಮೇಲೇ ಇರುತ್ತದೆ, ಸದ್ದು ಮಾತ್ರ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಮೊದಲ ಸಂಜೆ ಕಲಿತ ಆ ಸಡಿಲಿಕೆ ಇಲ್ಲದಿದ್ದರೆ ಇದು ನನ್ನ ಕೈಗೆ ಬರುತ್ತಲೇ ಇರಲಿಲ್ಲ.

ವಾರ್ಷಿಕೋತ್ಸವದ ದಿನ ನಮ್ಮ ಗುಂಪಿನಲ್ಲಿ ಡ್ರಮ್ ಇರಲಿಲ್ಲ. ತಾಳ ಹಿಡಿದದ್ದು ನನ್ನ ಚಾಪ್ ಒಂದೇ. ಮುಂದಿನ ಸಾಲಿನಲ್ಲಿ ಮೇಷ್ಟ್ರು ಕಣ್ಣು ಮುಚ್ಚಿ ಕೂತಿದ್ದರು. ಎರಡು, ನಾಲ್ಕು, ಎರಡು, ನಾಲ್ಕು ಅಂತ ಅವರ ಬೆರಳು ಕುರ್ಚಿಯ ಕೈ ಮೇಲೆ ಬೀಳುತ್ತಿತ್ತು.