ಪಾಯಸ ಎರಡು ಸಲ ಬಂದ ಹಂತಿ

ಕಳೆದ ವರ್ಷ ನಮ್ಮೂರ ದೇವಸ್ಥಾನದಲ್ಲಿ ಬ್ರಹ್ಮಕಲಶೋತ್ಸವ ಆಯ್ತು. ಬದಿಯಡ್ಕದಿಂದ ಪೆರ್ಲ ಕಡೆ ಬರುವಾಗ ಒಳದಾರಿಯಲ್ಲಿ ಸಿಗುವ ಸಣ್ಣ ದೇವಸ್ಥಾನ, ಹೆಸರು ಬೇಡ, ಇದನ್ನು ಸಮಿತಿಯವರು ಓದಿದ್ರೆ ಇನ್ನು ನನ್ನನ್ನು ಎಂಜಲೆಲೆ ತೆಗೀಲಿಕ್ಕೂ ಕರೀಲಿಕ್ಕಿಲ್ಲ. ಆರು ದಿನದ ಕಾರ್ಯಕ್ರಮ, ಹೊರೆಕಾಣಿಕೆಯಲ್ಲಿ ಬಂದ ಅಕ್ಕಿ, ತೆಂಗಿನಕಾಯಿ, ತರಕಾರಿ ಉಗ್ರಾಣದಲ್ಲಿ ತುಂಬಿ ಹೊರಗೆ ಟಾರ್ಪಾಲಿನ ಅಡಿಗೂ ಬಂದಿತ್ತು, ದಿನಾ ಮಧ್ಯಾಹ್ನ ರಾತ್ರಿ ಅನ್ನಸಂತರ್ಪಣೆ. ನಾನು ಬಡಿಸುವ ತಂಡದಲ್ಲಿ. ಮನೆಯಲ್ಲೇ ಕೂತು ಬೆಂಗಳೂರಿನ ಒಂದು ಕಂಪೆನಿಗೆ ಕೆಲಸ ಮಾಡುವವ, ವಾರ ಲೀವ್ ಹಾಕಿ ಪಂಚೆ ಎತ್ತಿ ಕಟ್ಟಿ ಹೋಗಿದ್ದೆ.

ಮೊದಲ ದಿನ ಮಧ್ಯಾಹ್ನವೇ ಮರ್ಯಾದೆ ಹೋಯ್ತು. ಮೂರನೇ ಹಂತಿಗೆ, ಅಂದ್ರೆ ಊಟಕ್ಕೆ ಕೂತ ಮೂರನೇ ಸಾಲಿಗೆ, ಪಾಯಸ ಎರಡು ಸಲ ಬಂತು, ಐದನೇ ಹಂತಿಗೆ ಬರಲೇ ಇಲ್ಲ. ಐದನೇ ಹಂತಿಯಲ್ಲಿ ಕೂತದ್ದು ಯಾರು ಅಂದ್ರೆ ಆಚೆ ಗ್ರಾಮದಿಂದ ಎರಡು ಜೀಪು ಮಾಡಿ ಹೊರೆಕಾಣಿಕೆ ತಂದವರು! ಅವರು ಪಾಪ ಎಲೆಯ ಮೂಲೆಯಲ್ಲಿ ಜಾಗ ಬಿಟ್ಟು ಕಾದು ಕಾದು ಕೊನೆಗೆ ಮಜ್ಜಿಗೆ ಹಾಕಿಸಿಕೊಂಡು ಎದ್ದರು. ಪಾಯಸದ ಬಕೆಟು ಹಿಡಿದವ ನಾನೇ.

ಹೇಗಾಯ್ತು ಅಂದ್ರೆ, ನಮ್ಮಲ್ಲಿ ನಲವತ್ತು ಜನ ಇದ್ದೆವು, ಯಾರೂ ಹೊಸಬರಲ್ಲ, ಮದುವೆ, ಉಪನಯನ, ಬೊಜ್ಜ (ಸತ್ತವರ ಉತ್ತರಕ್ರಿಯೆ) ಅಂತ ಎಲ್ಲರೂ ಸಣ್ಣದಿಂದ ಬಡಿಸಿದವರೇ. ತೊಂದರೆ ಬಂದದ್ದೇ ಅಲ್ಲಿ. ಒಬ್ಬರ ಮನೆಯಲ್ಲಿ ತವ್ವೆ ತುಪ್ಪ ಬೀಳದೆ ಅನ್ನಕ್ಕೆ ಕೈ ಹಾಕ್ಲಿಕ್ಕಿಲ್ಲ, ಇನ್ನೊಬ್ಬರಲ್ಲಿ ನೇರ ಸಾರು. ಒಬ್ಬರಲ್ಲಿ ಸಾಂಬಾರು ಒಂದು ಸುತ್ತು ಆದ ಕೂಡಲೇ ಪಾಯಸ, ಇನ್ನೊಬ್ಬರಲ್ಲಿ ಮೇಲಾರ ಆಗಿ ಎರಡನೇ ಸಲ ಅನ್ನ ವಿಚಾರಿಸಿದ ಮೇಲೆ. ಯಾರಿಗೂ ಅದು ನಿಯಮ ಅಂತ ಗೊತ್ತೇ ಇಲ್ಲ, ಊಟ ಅಂದ್ರೆ ಹಾಗೇ ಅಂತ ತಲೆಯಲ್ಲಿ ಕೂತಿರ್ತದೆ. ಹಾಗೆ ಮೂರನೇ ಹಂತಿಯಲ್ಲಿ ಒಬ್ಬ "ಪಾಯಸ ಬರ್ಲಿ" ಅಂದ, ನಾನು ಹೋದೆ, ನಾನು ಆ ತುದಿಯಲ್ಲಿರುವಾಗ ಈ ತುದಿಯಲ್ಲಿ ಇನ್ನೊಬ್ಬ "ಇಲ್ಲಿ ಪಾಯಸ ಆಗ್ಲಿಲ್ಲ" ಅಂತ ಬೊಬ್ಬೆ ಹಾಕಿದ, ಐದನೇ ಹಂತಿಯ ಬಕೆಟು ಇಲ್ಲಿಗೆ ಓಡಿ ಬಂತು. ಅಷ್ಟೇ.

ನಮ್ಮ ಆಫೀಸಿನಲ್ಲಿ ಒಂದು ಟ್ರೈನಿಂಗ್ ಆಗಿತ್ತು, ಬ್ರೂಸ್ ಟಕ್‌ಮನ್ ಅಂತ ಒಬ್ಬರು ಅಮೆರಿಕದವರು 1965ರಲ್ಲೇ ಹೇಳಿದ್ದಾರಂತೆ, ತಂಡ ಅಂದ್ರೆ ಮೊದಲು ಸೇರ್ತದೆ, ಮತ್ತೆ ಜಗಳ ಆಡ್ತದೆ, ಮತ್ತೆ ರೂಲ್ಸು ಹುಟ್ತದೆ, ಆಮೇಲೆ ಕೆಲಸ ಆಗ್ತದೆ ಅಂತ. ಆಗ ನಾನು ಕ್ಯಾಮೆರಾ ಆಫ್ ಮಾಡಿ ಅವಲಕ್ಕಿ ತಿಂತಿದ್ದೆ. ಚಪ್ಪರದಡಿ ಆ ದಿನ ಜಗಳ ನೋಡುವಾಗ ಓ ಇದಾ ಅಂತ ನೆನಪಾಯ್ತು.

ಇನ್ನು ಭಾಷೆ. ಕಾಸರಗೋಡು ಸಪ್ತಭಾಷೆಯ ಊರು ಅಂತ ವೇದಿಕೆಯಲ್ಲಿ ಭಾಷಣ ಮಾಡ್ಲಿಕ್ಕೆ ಗಮ್ಮತ್ತು, ಒಂದು ವಾಟ್ಸಾಪ್ ಗ್ರೂಪಿನಲ್ಲಿ ಅದೇ ಏಳು ಭಾಷೆ ಸೇರಿದ್ರೆ ಎಂತ ಆಗ್ತದೆ ಅಂತ ಅಲ್ಲಿ ಗೊತ್ತಾಗುದು. ನಮ್ಮ ತಂಡದಲ್ಲಿ ಮಲಯಾಳ ಮೀಡಿಯಂನಲ್ಲಿ ಕಲಿತ ಒಬ್ಬ ಹುಡುಗ ಇದ್ದ, ಮನೆಯಲ್ಲಿ ಮಲಯಾಳ, ಕನ್ನಡ ಪೇಟೆಯಲ್ಲಿ ಕಲಿತದ್ದು. ಅವ ಗ್ರೂಪಿನಲ್ಲಿ ವಾಯ್ಸ್ ಹಾಕಿದ್ದ, "ನಾಳೆ ನನಗೂ ಒಂದು ಅವಸರ ಬೇಕು" ಅಂತ. ಪಟ್ಟಿ ಮಾಡುವವರು ಓ ಇವನಿಗೆ ಎಂತದೋ ಅರ್ಜೆಂಟ್ ಕೆಲಸ ಉಂಟು ಅಂತ ಹೆಸರು ತೆಗೆದು ಹಾಕಿದ್ರು. ಮಲಯಾಳದಲ್ಲಿ ಅವಸರ ಅಂದ್ರೆ ಅವಕಾಶ ಮಾರಾಯ್ರೆ! ನನಗೂ ಬಡಿಸ್ಲಿಕ್ಕೆ ಒಂದು ಚಾನ್ಸ್ ಕೊಡಿ ಅಂತ ಕೇಳಿದ ಹುಡುಗನನ್ನು ನಾವು ಮನೆಗೆ ಕಳಿಸಿದ ಹಾಗಾಯ್ತು. ಎರಡು ದಿನ ಅವ ಚಪ್ಪಲಿ ಇಡುವಲ್ಲಿ ಟೋಕನ್ ಕೊಡ್ತಾ ನಿಂತಿದ್ದ, ಯಾರ ಹತ್ರವೂ ಮಾತಿಲ್ಲ, ಅವನಿಗೆ ಅಹಂಕಾರ ಅಂತ ನಾವು ಮಾತಾಡಿಕೊಂಡೆವು.

ತುಳುವಿನ "ಆವು", ಅಂದ್ರೆ ಆಗ್ಲಿ ಅನ್ನುದು, ಕೂಡ ಹಾಗೆಯೇ. ಬೆಳಿಗ್ಗೆ ಬಾಳೆಲೆ ತೊಳೆದು ಇಡ್ಬೇಕು ಅಂದ್ರೆ "ಆವು" ಅಂತ ಹದಿನೈದು ಜನ ಬರೀತಾರೆ, ಅದರ ಮೇಲೆ ಹೆಬ್ಬೆರಳು ಬೇರೆ. ಅದು ಮಾಡ್ತೇನೆ ಅಂತಲಾ, ಓದಿದೆ ಅಂತಲಾ, ಒಳ್ಳೆ ಐಡಿಯಾ ಬೇರೆ ಯಾರಾದ್ರೂ ಮಾಡಿ ಅಂತಲಾ? ಬೆಳಿಗ್ಗೆ ಹೋಗಿ ನೋಡಿದ್ರೆ ಎಲೆಯ ಕಟ್ಟು ಬಿಚ್ಚದೆ ಹಾಗೇ ಉಂಟು.

ಎರಡನೇ ದಿನ ಅನ್ನ ಕಡಿಮೆ ಆಯ್ತು. ಪಾಯಸದ ಕತೆಯನ್ನಾದ್ರೂ ನಗಾಡಿ ಮುಗಿಸ್ಬಹುದು, ಅನ್ನ ಹಾಗಲ್ಲ. ಇನ್ನೂರು ಜನ ಎಲೆ ಮುಂದೆ ಕೂತಿದ್ದಾರೆ, ಪಲ್ಯ ಕೋಸಂಬರಿ ಬಿದ್ದಾಗಿದೆ, ಒಳಗೆ ಅನ್ನ ಇಲ್ಲ. ಬೇಗ ಬೇಯುವ ಬೆಳ್ತಿಗೆ ಅಕ್ಕಿಯೇ ಆದ್ರೂ ದೊಡ್ಡ ಕೊಪ್ಪರಿಗೆಯಲ್ಲಿ ನೀರು ಕುದಿದು, ಅಕ್ಕಿ ಬಿದ್ದು, ಬೆಂದು, ಬಸಿದು ಹೊರಗೆ ಬರ್ಲಿಕ್ಕೆ ಮುಕ್ಕಾಲು ಗಂಟೆ ಆದ್ರೂ ಬೇಕು. ಆಮೇಲೆ ವಿಚಾರಿಸಿದ್ರೆ, ಅನ್ನದ ಹತ್ರ ನಿಂತಿದ್ದ ಪ್ಲಸ್ ಟೂ ಹುಡುಗನಿಗೆ ಒಂದು ಗಂಟೆ ಮೊದಲೇ ಗೊತ್ತಿತ್ತಂತೆ. ಹೇಳ್ಲಿಲ್ಲ. ಯಾಕೆ ಹೇಳ್ಲಿಲ್ಲ ಅಂದ್ರೆ ಉಗ್ರಾಣ ನೋಡಿಕೊಳ್ತಿದ್ದದ್ದು ನಮ್ಮ ಮಾಷ್ಟ್ರು, ರಿಟೈರ್ಡ್, ಊರಿನ ಅರ್ಧ ಜನರ ಕಿವಿ ಹಿಂಡಿದವರು, ಬೆಳಿಗ್ಗೆ ಬೆಲ್ಲ ಕಡಿಮೆ ಅಂತ ಹೇಳ್ಲಿಕ್ಕೆ ಹೋದವನಿಗೆ "ಲೆಕ್ಕ ಬರುದಿಲ್ವಾ ನಿಂಗೆ" ಅಂತ ಎಲ್ಲರೆದುರು ಬೈದಿದ್ರು. ಅದನ್ನು ಈ ಹುಡುಗ ನೋಡಿದ್ದಾನೆ, ಮತ್ತೆ ಎಂತ ಹೇಳುದು ಅವ.

ಆ ರಾತ್ರಿ ಹತ್ತು ಗಂಟೆಗೆ ಎಲ್ಲ ಚಪ್ಪರದಡಿ ಕೂತೆವು. ಅರ್ಧ ಗಂಟೆ ಬರೇ ಜಗಳ. ಆಮೇಲೆ ಒಬ್ಬೊಬ್ಬರೇ "ನಿಮ್ಮಲ್ಲಿ ಹೇಗೆ, ನಮ್ಮಲ್ಲಿ ಹೀಗೆ" ಅಂತ ಹೇಳ್ಲಿಕ್ಕೆ ಶುರು ಮಾಡಿದ್ರು, ಅಲ್ಲಿಗೆ ದಾರಿ ಸಿಕ್ಕಿತು. ಯಾರ ಮನೆಯ ಕ್ರಮ ಸರಿ ಅಂತ ತೀರ್ಮಾನ ಆಗ್ಲಿಲ್ಲ, ಅದು ಆಗುದೂ ಇಲ್ಲ. ಈ ಆರು ದಿನಕ್ಕೆ, ಈ ಚಪ್ಪರದಡಿಗೆ, ಇದು ಅಂತ ಒಂದು ಮಾಡಿಕೊಂಡೆವು. ಹಂತಿಗೆ ಒಬ್ಬನೇ ಬಾಯಿ, ಅವ ಹೇಳದೆ ಬಕೆಟು ಅಲ್ಲಾಡ್ಲಿಕ್ಕಿಲ್ಲ. ಬಕೆಟು ಕೈ ಬದಲಾಯಿಸುವಾಗ "ಬಲಬದಿ ಹದಿನಾರನೇ ಎಲೆವರೆಗೆ ಆಗಿದೆ" ಅಂತ ಹೇಳಿಯೇ ಕೊಡ್ಬೇಕು, ಸುಮ್ಮನೆ ಕೈಗೆ ತುರುಕಿ ಬೀಡಿ ಎಳೀಲಿಕ್ಕೆ ಹೋಗ್ಲಿಕ್ಕಿಲ್ಲ. ಗ್ರೂಪಿನಲ್ಲಿ ಹೆಬ್ಬೆರಳು ಹಾಕಿದ್ರೆ ನಾನು ಮಾಡ್ತೇನೆ ಅಂತ ಅರ್ಥ, ಓದಿದ್ದಕ್ಕೆಲ್ಲ ಎಂತದೂ ಹಾಕ್ಬೇಡಿ. ಬಡಿಸಿದವರಿಗೆ ಅಂತ ಊಟ ಬೇರೆ ತೆಗೆದಿಡ್ಬೇಕು, ಕೊನೆ ಹಂತಿಯಲ್ಲಿ ಅಡಿ ಕೆರೆದ ಸಾಂಬಾರು ಅಲ್ಲ (ಇದಕ್ಕೆ ಚಪ್ಪಾಳೆ ಬಿತ್ತು).

ಮತ್ತೊಂದು ನಾನು ಹೇಳಿದ್ದು. ಹಂತಿ ಶುರು ಆಗುವ ಮೊದಲು ಆ ಹಂತಿಯ ಆರು ಜನ ನಿಂತು ಹೆಸರು ಮತ್ತು ಯಾವ ಬಕೆಟು ಅಂತ ಹೇಳುದು. ಎಲ್ಲ ನಗಾಡಿದ್ರು, ಒಂದೇ ಊರಿನವರಿಗೆ ಎಂತದ್ದು ಪರಿಚಯ ಅಂತ. ನನ್ನ ತಂಗಿ ಮಂಗಳೂರಲ್ಲಿ ಆಪರೇಶನ್ ಥಿಯೇಟರಿನಲ್ಲಿ ನರ್ಸ್, ಅವಳು ಹೇಳಿದ್ದು ನನಗೆ ತಲೆಯಲ್ಲಿತ್ತು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಪರೇಶನಿಗೆ ಅಂತ 19 ಅಂಶದ ಒಂದು ಚೆಕ್‌ಲಿಸ್ಟ್ ಮಾಡಿತು, ಅದರಲ್ಲಿ ಚರ್ಮಕ್ಕೆ ಕತ್ತಿ ತಾಗಿಸುವ ಮೊದಲು ಕೋಣೆಯಲ್ಲಿದ್ದ ಎಲ್ಲರೂ ಹೆಸರು, ಕೆಲಸ ಹೇಳ್ಬೇಕು ಅಂತ ಒಂದು ಅಂಶ. ದೆಹಲಿ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪ್ರಯೋಗ ಮಾಡಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿದಿತ್ತು. ಅದೆಲ್ಲ ಹೆಸರು ಹೇಳಿದ್ದರಿಂದಲೇ ಅಂತ ಅಲ್ಲ, ಉಳಿದ ಹದಿನೆಂಟೂ ಇತ್ತಲ್ಲ. ಆದ್ರೆ ತಂಗಿ ಹೇಳುದು, ಒಂದು ಸಲ ಬಾಯಿ ಬಿಟ್ಟು ಹೆಸರು ಹೇಳಿದವಳಿಗೆ ಆಮೇಲೆ "ಡಾಕ್ಟ್ರೇ, ಒಂದು ನಿಮಿಷ" ಅನ್ಲಿಕ್ಕೆ ಧೈರ್ಯ ಬರ್ತದೆ ಅಂತ. ನಮ್ಮ ಅವಸರದ ಹುಡುಗ ಮೂರನೇ ದಿನ ಪಟ್ಟಿಗೆ ವಾಪಸ್ ಬಂದ, ಹಂತಿಯ ತುದಿಯಲ್ಲಿ ನಿಂತು ಹೆಸರು ಹೇಳಿ "ಸಾರು" ಅಂದ. ಎರಡು ದಿನಕ್ಕೆ ಅವನ ಬಾಯಿಂದ ಬಂದ ಮೊದಲ ಮಾತು ಅದು.

ಒಂದು ದೊಡ್ಡ ತಪ್ಪು ಮಾಡಿದ್ದೆವು. ರಾತ್ರಿ ಹತ್ತಕ್ಕೆ ಮೀಟಿಂಗ್ ಇಟ್ಟ ಕಾರಣ ತರಕಾರಿ ಹಚ್ಚುವ ಹೆಂಗಸರು ಯಾರೂ ಇರ್ಲಿಲ್ಲ, ಕರೀಲೂ ಇಲ್ಲ. ನಾವು ಗಂಡಸರು ಕೂತು, ಬೆಳಿಗ್ಗೆ ಆರೂವರೆಗೆ ಎಲ್ಲರೂ ಹಾಜರು, ಯಾರೂ ಫೋನು ಮುಟ್ಲಿಕ್ಕಿಲ್ಲ ಅಂತೆಲ್ಲ ಬರೆದು ಕಂಬಕ್ಕೆ ಅಂಟಿಸಿದೆವು. ಬೆಳಿಗ್ಗೆ ಚಿಕ್ಕಮ್ಮ ಅದನ್ನು ಓದಿ ಕೇಳಿದ್ರು, "ಆರೂವರೆಗೆ ದನ ಕರೆಯುದು ನೀನಾ?" ಸೊಸೈಟಿಗೆ ಹಾಲು ಕೊಟ್ಟು, ಮಕ್ಕಳನ್ನು ಶಾಲೆ ಬಸ್ಸಿಗೆ ಹತ್ತಿಸಿ ಬರುವವರಿಗೆ ಎಂಟು ಗಂಟೆ ಆಗ್ತದೆ, ಅಷ್ಟರವರೆಗೆ ಹಚ್ಚುವ ತರಕಾರಿ ಯಾವ್ದು ಅಂತ ಹಿಂದಿನ ದಿನವೇ ಹೇಳಿದ್ರೆ ರಾತ್ರಿ ಅರ್ಧ ಮಾಡಿ ಹೋಗ್ತೇವೆ ಅಂತ ಅವರ ವಾದ. ಸರಿಯೇ ಅಲ್ವಾ. ಆರೂವರೆ ಅಲ್ಲಿಗೆ ಬಿತ್ತು, ಫೋನಿನ ರೂಲ್ಸು ಮಧ್ಯಾಹ್ನದೊಳಗೆ ತನ್ನಷ್ಟಕ್ಕೇ ಬಿತ್ತು.

ಚಿಕ್ಕಮ್ಮ ಕುಟುಂಬಶ್ರೀಯಲ್ಲಿ ಸೆಕ್ರೆಟರಿ. ಕೇರಳ ಸರ್ಕಾರ 1998ರಲ್ಲಿ ಶುರು ಮಾಡಿದ್ದು ಅದು, ಹತ್ತರಿಂದ ಇಪ್ಪತ್ತು ಮನೆಯ ಹೆಂಗಸರು ಸೇರಿ ಒಂದು ಅಯಲ್‌ಕೂಟ, ವಾರ ವಾರ ಒಬ್ಬೊಬ್ಬರ ಮನೆಯಲ್ಲಿ ಕೂತು ಉಳಿತಾಯದ ದುಡ್ಡು, ಸಾಲದ ಕಂತು ಎಲ್ಲ ಲೆಕ್ಕ ಮಾಡುದು. "ನಮ್ಮಲ್ಲಿ ಮಿನಿಟ್ಸ್ ಬರೆದು ಓದದೆ ಯಾರೂ ಚಾಪೆಯಿಂದ ಏಳ್ಲಿಕ್ಕಿಲ್ಲ, ನಿಮ್ಮದೆಂತದು ಕಂಬಕ್ಕೆ ಅಂಟಿಸುದು" ಅಂತ ಹೇಳಿ, ಆ ದಿನ ಮಧ್ಯಾಹ್ನ ಅವರೇ ಒಂದು ನೋಟ್ ಬುಕ್ ತಂದ್ರು. ಕೊನೆ ಹಂತಿ ಎದ್ದ ಮೇಲೆ ಹತ್ತು ನಿಮಿಷ, ಇವತ್ತು ಎಂತ ತಪ್ಪಿತು, ನಾಳೆ ಎಂತ ಬದಲು, ಎರಡು ಗೆರೆ ಬರೆಯುದು, ಜೋರಾಗಿ ಓದುದು. ನಾನು ಕಂಪೆನಿಯಲ್ಲಿ ಹನ್ನೊಂದು ವರ್ಷದಿಂದ ಕೂತ ಮೀಟಿಂಗುಗಳಲ್ಲಿ ಇಷ್ಟು ಚೊಕ್ಕದ್ದು ನೋಡಿಲ್ಲ.

ನಾಲ್ಕನೇ ದಿನ ನಡೆದದ್ದು ಈಗಲೂ ಕಣ್ಣ ಮುಂದೆ ಉಂಟು. ರಾತ್ರಿ ಮೀಟಿಂಗಿನಲ್ಲಿ ಒಂದು ಮಾತು ಆಗಿತ್ತು, ಕಡಿಮೆ ಆಗ್ತದೆ ಅಂತ ಮೊದಲೇ ಬಂದು ಹೇಳಿದವನಿಗೆ ಕೊನೆ ಹಂತಿ ಏಳುವವರೆಗೆ ಯಾರೂ ಬೈಲಿಕ್ಕಿಲ್ಲ ಅಂತ. ಮಾಷ್ಟ್ರ ಹೆಸರು ಯಾರೂ ಎತ್ತಲಿಲ್ಲ, ಎಲ್ಲರೂ ಅವರ ಮುಖ ನೋಡದ ಹಾಗೆ ಕೂತಿದ್ರು, ಅವರೇ "ಆಯ್ತು, ಬರೀರಿ" ಅಂದ್ರು. ನಾಲ್ಕನೇ ದಿನ ಹನ್ನೆರಡೂವರೆಗೆ ಅದೇ ಪ್ಲಸ್ ಟೂ ಹುಡುಗ ಉಗ್ರಾಣದ ಬಾಗಿಲಿಗೆ ಬಂದು "ಮಾಷ್ಟ್ರೇ, ಅನ್ನ ಎರಡು ಹಂತಿಗೆ ಸಾಕಾಗ್ಲಿಕ್ಕಿಲ್ಲ" ಅಂದ. ನಾನು ಅಲ್ಲೇ ಸಕ್ಕರೆ ತೂಗ್ತಿದ್ದೆ. ಮಾಷ್ಟ್ರ ಮುಖ ಕೆಂಪಾಯ್ತು. ಬಾಯಿ ತೆರೆದು, ಮತ್ತೆ ಮುಚ್ಚಿ, ಸೊಂಟದಿಂದ ಎಲೆ ಅಡಿಕೆಯ ಚೀಲ ತೆಗೆದು, ಒಂದು ಹೋಳು ಬಾಯಿಗೆ ಹಾಕಿ ಗಟ್ಟಿ ಅಗಿದ್ರು, ದವಡೆಯ ನರ ಏಳುದು ಕಾಣ್ತಿತ್ತು. ಮತ್ತೆ ಕೇಳಿದ್ರು, "ಎಷ್ಟು ಸೇರು ಹಾಕ್ಲಿಕ್ಕೆ ಹೇಳ್ಲಿ?"

ಅಷ್ಟೇ. ಅದರ ಮೇಲೆ ಹುಡುಗರು ಎಲ್ಲದಕ್ಕೂ ಓಡಿ ಬಂದು ಹೇಳ್ಲಿಕ್ಕೆ ಶುರು, ಉಪ್ಪು ಹೆಚ್ಚಾಯ್ತು, ಸೌಟು ತುಂಡಾಯ್ತು, ಮಜ್ಜಿಗೆ ಹುಳಿ ಉಂಟು. ಪ್ರೆಸಿಡೆಂಟರು ಹೇಳಿದ್ರು, ಮೊದಲ ದಿನ ಇಷ್ಟು ಕಂಪ್ಲೇಂಟ್ ಇರ್ಲಿಲ್ಲ, ಈಗ ತಪ್ಪು ಜಾಸ್ತಿ ಆಗಿದೆ ಅಂತ. ಹಾರ್ವರ್ಡಿನ ಏಮಿ ಎಡ್ಮಂಡ್ಸನ್ ಅನ್ನುವವರಿಗೂ 1990ರ ದಶಕದಲ್ಲಿ ಹೀಗೇ ಆಗಿತ್ತು. ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗಿನ ತಪ್ಪು ಲೆಕ್ಕ ಮಾಡ್ಲಿಕ್ಕೆ ಹೋದ್ರೆ ಒಳ್ಳೆ ತಂಡಗಳಲ್ಲೇ ತಪ್ಪು ಹೆಚ್ಚು ಕಂಡಿತಂತೆ, ಮತ್ತೆ ನೋಡಿದ್ರೆ ಅಲ್ಲಿಯವರು ತಪ್ಪನ್ನು ಮುಚ್ಚಿಡದೆ ಹೇಳ್ತಿದ್ರು ಅಷ್ಟೇ. ನಾನು ಪ್ರೆಸಿಡೆಂಟರಿಗೆ ಹಾರ್ವರ್ಡ್ ಅಂತೆಲ್ಲ ಹೇಳ್ಲಿಕ್ಕೆ ಹೋಗ್ಲಿಲ್ಲ, ಅವರಿಗೊಂದು ಲೋಟ ಪಾಯಸ ಕೊಟ್ಟೆ.

ನನ್ನ ಅಭಿಪ್ರಾಯ ಕೇಳಿದ್ರೆ, ಕಂಬಕ್ಕೆ ಅಂಟಿಸಿದ ಹಾಳೆಯಿಂದ ಆ ಚಪ್ಪರದಡಿ ಎಂತದೂ ಬದಲಾಗ್ಲಿಲ್ಲ. ಆ ಒಂದು ಅಡಿಕೆ ಹೋಳಿನಿಂದ ಆಯ್ತು. ಅತಿ ಹೆಚ್ಚು ಬೈಲಿಕ್ಕೆ ಹಕ್ಕಿದ್ದವರು ಬೈಲಿಲ್ಲ.

ಆಫೀಸಿಗೆ ವಾಪಸ್ ಬಂದ ಮೇಲೆ ನಮ್ಮ ಟೀಮಿನಲ್ಲೂ ಸ್ವಲ್ಪ ಇಂಥದ್ದು ಮಾಡ್ಲಿಕ್ಕೆ ನೋಡಿದೆ. ಅಲ್ಲಿ ಮೊದಲು ಸಿಕ್ಕಿಬಿದ್ದದ್ದು ನಾನೇ. ಮ್ಯಾನೇಜರ್ ಮಂಡ್ಯದವರು, ಕನ್ನಡದಲ್ಲೇ ಮಾತು. ಶುಕ್ರವಾರದೊಳಗೆ ಇದು ಆಗ್ತದಾ ಅಂತ ಅವರು ಕೇಳುದು, ನಾನು "ನೋಡುವ" ಅನ್ನುದು, ಶುಕ್ರವಾರ ಸಂಜೆ ಅವರು ಕಾಯುದು, ನಾನು ಯಾಕೆ ಕಾಯ್ತಿದ್ದಾರೆ ಅಂತ ಆಶ್ಚರ್ಯ ಪಡುದು. ನಮ್ಮ ಕಡೆ "ನೋಡುವ" ಅಂದ್ರೆ ಮರ್ಯಾದೆಯಲ್ಲಿ ಇಲ್ಲ ಅಂತ ಅರ್ಥ ಅಲ್ವಾ, ಮುಖಕ್ಕೆ ಹೊಡೆದ ಹಾಗೆ ಆಗ್ಲಿಕ್ಕಿಲ್ಲ ಅನ್ಲಿಕ್ಕೆ ನಮಗೆ ಬರುದಿಲ್ಲ. ಅವರಿಗೆ ಅದು ಪ್ರಯತ್ನ ಮಾಡ್ತೇನೆ ಅಂತ ಕೇಳ್ತದೆ. ಎರಡು ವರ್ಷ ಹೀಗೆ ನಡೆದಿತ್ತು, ನನ್ನ ಅಪ್ರೈಸಲ್ ಯಾಕೆ ಹಾಗೆ ಬಂದಿತ್ತು ಅಂತ ಈಗ ಗೊತ್ತಾಗ್ತದೆ. ಈಗ ಟೀಮಿನಲ್ಲಿ ಮೂರೇ ಉತ್ತರ: ಆಗ್ತದೆ, ಆಗುದಿಲ್ಲ, ನಾಳೆ ಹನ್ನೊಂದಕ್ಕೆ ಹೇಳ್ತೇನೆ. "ನೋಡುವ" ಬ್ಯಾನ್. ಪಾಪ ಮ್ಯಾನೇಜರು ಕೂಡ ಅವರ "ಬೇಗ" ಅನ್ನುವ ಶಬ್ದ ಬಿಟ್ಟು ದಿನ ಗಂಟೆ ಹೇಳ್ಬೇಕು ಅಂತ ಆಯ್ತು, ಕಷ್ಟಪಡ್ತಾರೆ.

ಮೊನ್ನೆ ಮಾಷ್ಟ್ರು ಫೋನ್ ಮಾಡಿದ್ರು. ಮೊಮ್ಮಗನ ಉಪನಯನ, ಬಡಿಸ್ಲಿಕ್ಕೆ ಜನ ಬೇಕು, ಬರ್ತೀಯಾ ಅಂತ. ಆ ವಾರ ರಿಲೀಸ್ ಉಂಟು ನನಗೆ. ಅಭ್ಯಾಸ ಬಲದಲ್ಲಿ "ನೋಡುವ ಮಾಷ್ಟ್ರೇ" ಅಂದೆ.

"ಹಾಗಾದ್ರೆ ನೀನಿಲ್ಲ" ಅಂದ್ರು, "ಪಾಯಸಕ್ಕೆ ಬೇರೆ ಜನ ಹೇಳ್ತೇನೆ, ಉಣ್ಲಿಕ್ಕಾದ್ರೂ ಬಾ."